ಹಳೆಯ ಸ್ಲಾಟ್ ಕಾರಿಗೆ ಅಯಸ್ಕಾಂತ ಅಳವಡಿಸುವ ಕ್ರಮ

ಗಲ್ಫ್‌ನಿಂದ ರಜೆಗೆ ಬಂದವರು ಎಂದೋ ತಂದುಕೊಟ್ಟ ಸ್ಲಾಟ್ ಕಾರಿನ (ಟ್ರ್ಯಾಕಿನಲ್ಲಿ ಕೊರೆದ ಸೀಳಿನ ಗುಂಟ ವಿದ್ಯುತ್ತಿನಿಂದ ಓಡುವ ಆಟಿಕೆ ಕಾರಿನ) ಸೆಟ್ಟು ನಿಮ್ಮ ಮನೆಯ ಅಟ್ಟದಲ್ಲಿದ್ದು, ಅದನ್ನು ಮತ್ತೆ ಓಡಿಸುವ ಮನಸ್ಸಾಗಿದ್ದರೆ, ಮೊದಲು ಎದುರಾಗುವ ತೊಂದರೆ ತಿರುವಿನದು. 1957ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನ ಸ್ಲಾಟ್ ಕಾರುಗಳಲ್ಲಿ ಆರಂಭದಲ್ಲಿ ಹಿಡಿತಕ್ಕೆಂದು ಅಯಸ್ಕಾಂತವಿರಲಿಲ್ಲ. ಕಾರಿನ ತೂಕ, ಟಯರಿನ ಹಿಡಿತ ಮತ್ತು ಸೀಳಿನಲ್ಲಿ ಇಳಿದು ಕಾರಿಗೆ ದಾರಿ ಹಿಡಿಸುವ ತುಂಡು ಅಂದರೆ ಗೈಡ್, ಈ ಮೂರೇ ಅದನ್ನು ಟ್ರ್ಯಾಕಿನ ಮೇಲೆ ಉಳಿಸುತ್ತಿದ್ದವು. ವರ್ಷಗಳು ಕಳೆದು ರಬ್ಬರು ಗಟ್ಟಿಯಾದಾಗ ಹಿಂಭಾಗ ಜಾರಿ ಕಾರು ಹೊರಗೆ ಹಾರುತ್ತದೆ. 1980ರ ದಶಕದ ಕೊನೆಯ ವೇಳೆಗೆ ಕಂಪನಿಯೇ ಕಾರಿನ ಅಡಿಯಲ್ಲಿ ಅಯಸ್ಕಾಂತ ಇಡತೊಡಗಿತು. ಅದೇ ಉಪಾಯವನ್ನು ಹಳೆಯ ಕಾರಿಗೂ, ಅದರ ಮೂಲ ರೂಪ ಕೆಡದಂತೆ, ಮಾಡಬಹುದು.

ಅಯಸ್ಕಾಂತ ಕೊಳ್ಳುವ ಮೊದಲು ಟ್ರ್ಯಾಕನ್ನು ಪರೀಕ್ಷಿಸಬೇಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ಟನ್ನು ಸೀಳಿನ ಎರಡೂ ಬದಿಯಲ್ಲಿರುವ, ವಿದ್ಯುತ್ ಹರಿಯುವ ಲೋಹದ ಹಳಿಯ ಮೇಲಿಟ್ಟು ನೋಡಿ. ಚೆನ್ನಾಗಿ ಕಚ್ಚಿಕೊಂಡರೆ ಅದು ಸಾಮಾನ್ಯ ಉಕ್ಕಿನ ಹಳಿ. ಸೆಳೆತ ಮಂದವಾಗಿದ್ದರೆ, ಕೆಲವು ಕಂಪನಿಗಳು ಬಳಸುವ ಸ್ಟೇನ್‌ಲೆಸ್ ಸ್ಟೀಲ್ ಇರಬಹುದು. ಅಲ್ಲಿ ತುಸು ದೊಡ್ಡ ಅಯಸ್ಕಾಂತ ಬೇಕಾಗುತ್ತದೆ. ಮರದ ಹಲಗೆಯಲ್ಲಿ ಸೀಳು ಕೊರೆದು ತಾಮ್ರದ ಪಟ್ಟಿ ಅಂಟಿಸಿದ ಟ್ರ್ಯಾಕಾದರೆ ಈ ಕೆಲಸದಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ತಾಮ್ರವನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಅಂಥಲ್ಲಿ ಹೊಸ ಟಯರು ಮತ್ತು ಸ್ವಲ್ಪ ಸೀಸದ ತೂಕವೇ ದಾರಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಉಕ್ಕಿನ ಹಳಿ ಬೇಗನೆ ತುಕ್ಕು ಹಿಡಿಯುವುದರಿಂದ, ಮಳೆಗಾಲ ಮುಗಿದ ಮೇಲೆ ಹಳಿಗಳನ್ನು ನಯವಾಗಿ ಉಜ್ಜಿ, ಒಣ ಬಟ್ಟೆಯಿಂದ ಒರೆಸಿಯೇ ಮುಂದುವರಿಯಿರಿ. ಹಾಗೆ ಮಾಡದಿದ್ದರೆ ತುಕ್ಕಿನ ಪುಡಿಯೆಲ್ಲ ಅಯಸ್ಕಾಂತಕ್ಕೆ ಮೆತ್ತಿಕೊಳ್ಳುತ್ತದೆ.

ಈ ಕೆಲಸಕ್ಕೆ ನಿಯೋಡಿಮಿಯಂ ಅಯಸ್ಕಾಂತವೇ ಸೂಕ್ತ. 1980ರ ದಶಕದ ಆರಂಭದಲ್ಲಿ ಜಪಾನಿನ ಸುಮಿಟೊಮೊ ಮತ್ತು ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಗಳು ಬೇರೆಬೇರೆಯಾಗಿ ಇದನ್ನು ರೂಪಿಸಿದವು. ಹಳೆಯ ಸ್ಪೀಕರಿನಿಂದ ತೆಗೆದ ಕಪ್ಪು ಫೆರೈಟ್ ಅಯಸ್ಕಾಂತ ಇದರ ಮುಂದೆ ಬಹಳ ದುರ್ಬಲ, ಜೊತೆಗೆ ಜಾಗವನ್ನೂ ಹೆಚ್ಚು ತಿನ್ನುತ್ತದೆ. 1/32 ಅಳತೆಯ (ನಿಜವಾದ ಕಾರಿನ 32ರಲ್ಲಿ ಒಂದು ಪಾಲಿನಷ್ಟಿರುವ) ಕಾರಿಗೆ 10 ಮಿಲಿಮೀಟರ್ ವ್ಯಾಸದ, 2 ಮಿಲಿಮೀಟರ್ ದಪ್ಪದ ಬಿಲ್ಲೆಗಳು, ಅಥವಾ ಎರಡೂ ಹಳಿಗಳ ಮೇಲೆ ಹಾಯುವಷ್ಟು ಉದ್ದದ ತೆಳು ಪಟ್ಟಿ ಸಾಕು. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳುವುದರಿಂದ, ಬೆಸುಗೆ ಹಾಕುವ ಕೆಲಸವೇನಾದರೂ ಇದ್ದರೆ ಅದನ್ನು ಮೊದಲೇ ಮುಗಿಸಿ.

ಎಲ್ಲಿ ಕೂರಿಸಬೇಕು ಎಂಬುದೇ ಇಡೀ ಕೆಲಸದ ಜೀವಾಳ. ಹಿಂದಿನ ಅಚ್ಚಿಗೆ ಸ್ವಲ್ಪ ಮುಂದೆ ಇಟ್ಟರೆ ಸೆಳೆತದ ಹೆಚ್ಚಿನ ಪಾಲು ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಕಾರು ನಿಂತಲ್ಲಿಂದ ಚುರುಕಾಗಿ ಹೊರಡುತ್ತದೆ, ತಿರುವಿನಲ್ಲಿ ಬಾಲ ಬೇಗ ಬೀಸುವುದಿಲ್ಲ. ಆದರೆ ಬಾಲ ಒಮ್ಮೆ ಬೀಸಿ ಅಯಸ್ಕಾಂತ ಹಳಿಯಿಂದ ಪಕ್ಕಕ್ಕೆ ಸರಿದರೆ, ಹಿಡಿತ ಒಮ್ಮೆಲೇ ತಪ್ಪಿ ಕಾರು ಗೋಡೆಗೆ ಹೋಗಿ ಬಡಿಯುತ್ತದೆ. ಕಾರಿನ ನಡುಭಾಗಕ್ಕೆ ತಂದಷ್ಟೂ ಸೆಳೆತ ಹಿಂದೆ ಮುಂದೆ ಹಂಚಿಹೋಗುತ್ತದೆ, ಬಾಲ ಮೆಲ್ಲಗೆ ಜಾರುತ್ತದೆ, ಕೈಯಲ್ಲಿರುವ ವೇಗದ ಗುಂಡಿಯ ಮೇಲಿನ ಬೆರಳು ಸಡಿಲಿಸಿ ಅದನ್ನು ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಹಳೆಯ ಕಾರಿನ ಸೊಗಸು ಆ ಜಾರುವಿಕೆಯಲ್ಲೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯವಾದ್ದರಿಂದ ನಾನು ನಡುಭಾಗಕ್ಕೇ ಒಲಿಯುತ್ತೇನೆ. ಹಿಂದಿನ ಅಚ್ಚಿಗಿಂತ ಹಿಂದೆ ಮಾತ್ರ ಎಂದೂ ಇಡಬಾರದು. ಅಲ್ಲಿನ ಸೆಳೆತ ಅಚ್ಚನ್ನೇ ಆಧಾರವಾಗಿಸಿಕೊಂಡು ಮೂತಿಯನ್ನು ಮೇಲೆತ್ತುತ್ತದೆ, ಗೈಡ್ ಸೀಳಿನಿಂದ ಹೊರಬರುತ್ತದೆ. ಮೋಟರಿಗೆ ತೀರ ಹತ್ತಿರವೂ ಬೇಡ. ಮೋಟರಿನೊಳಗೂ ಅಯಸ್ಕಾಂತಗಳಿದ್ದು, ಹೊರಗಿನ ಬಲವಾದ ಸೆಳೆತ ಅವುಗಳ ಕೆಲಸಕ್ಕೆ ಅಡ್ಡಿಪಡಿಸಬಹುದು.

ಸ್ಥಳ ಗೊತ್ತುಮಾಡಿದ ಮೇಲೆ ಹಳಿಗೂ ಅಯಸ್ಕಾಂತಕ್ಕೂ ನಡುವಿನ ಅಂತರಕ್ಕೆ ಬನ್ನಿ. ಅಂತರ ಹೆಚ್ಚಿದಂತೆ ಸೆಳೆತ ಬಹಳ ವೇಗವಾಗಿ ಇಳಿಯುತ್ತದೆ. ಅರ್ಧ ಮಿಲಿಮೀಟರ್ ಏರಿಳಿತವೂ ಕಾರಿನ ನಡತೆಯನ್ನೇ ಬದಲಿಸುತ್ತದೆ. ಮೆಕ್ಯಾನಿಕ್‌ಗಳು ಎಂಜಿನ್ನಿನ ಟ್ಯಾಪೆಟ್ ಸರಿಪಡಿಸಲು ಬಳಸುವ, ಸಂದಿನ ಅಂತರ ಅಳೆಯುವ ತೆಳು ತಗಡು ಅಂದರೆ ಫೀಲರ್ ಗೇಜ್ ಉಕ್ಕಿನದಾದ್ದರಿಂದ ಅಯಸ್ಕಾಂತಕ್ಕೆ ಅಂಟಿಕೊಂಡು ಇಲ್ಲಿ ಉಪಯೋಗಕ್ಕೆ ಬಾರದು. ಅವಧಿ ಮುಗಿದ ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್, ಅದರಿಂದ ಬೆರಳಗಲದ ಒಂದು ಪಟ್ಟಿ ಕತ್ತರಿಸಿ, ಕಾರು ಟ್ರ್ಯಾಕಿನ ಮೇಲೆ ನಿಂತಿರುವಾಗ ಅಡಿಯಲ್ಲಿ ತೂರಿಸಿ ನೋಡಿ. ಪಟ್ಟಿ ಎಲ್ಲಿಯೂ ಉಜ್ಜದೆ ಆಚೆ ಬಂದರೆ ಅಂತರ ಸರಿಯಿದೆ.

ಮೊದಲ ಸಲ ಗಟ್ಟಿಯಾಗಿ ಅಂಟಿಸಬೇಡಿ. ಚಾಸಿಯ ಜಿಡ್ಡನ್ನು ತೆಗೆದು, ಎರಡೂ ಬದಿ ಅಂಟುವ ಟೇಪಿನಿಂದ ಒಂದೇ ಬಿಲ್ಲೆಯನ್ನು ಹಿಡಿಸಿ, ಕೆಲವು ಸುತ್ತು ಓಡಿಸಿ, ಬೇಕಾದರೆ ಅತ್ತಿತ್ತ ಸರಿಸಿ. ಕಾರು ನಿಂತ ಟ್ರ್ಯಾಕಿನ ತುಂಡನ್ನು ಎತ್ತಿ ಮೆಲ್ಲಗೆ ತಲೆಕೆಳಗು ಮಾಡಿದಾಗಲೂ ಕಾರು ಬೀಳದಿದ್ದರೆ, ಸೆಳೆತ ಅದರ ಸ್ವಂತ ತೂಕವನ್ನು ಮೀರಿದೆ ಎಂದರ್ಥ. ಹಳೆಯ ಮೋಟರಿಗೆ ಅಷ್ಟು ಹೊರೆ ಬೇಡ. ಸೆಳೆತ ಹೆಚ್ಚಿದಷ್ಟೂ ಮೋಟರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ಬಿಸಿಯಾಗುತ್ತದೆ, ಹಲ್ಲುಚಕ್ರ ಸವೆಯುತ್ತದೆ. ಕೆಲವು ಸುತ್ತುಗಳ ನಂತರ ಮೋಟರಿನ ಮೇಲೆ ಬೆರಳಿಟ್ಟು ನೋಡಿ. ಇಟ್ಟ ಬೆರಳನ್ನು ಹಾಗೆಯೇ ಹಿಡಿದಿರಲು ಆಗದಿದ್ದರೆ ಇನ್ನೂ ಚಿಕ್ಕ ಬಿಲ್ಲೆಗೆ ಇಳಿಯಿರಿ.

ಸ್ಥಳ ಖಚಿತವಾದ ಮೇಲೆ ಅರಾಲ್ಡೈಟ್ ಬಳಸಿ, ಒಂದು ಇಡೀ ದಿನ ಒಣಗಲು ಬಿಡಿ. ಫೆವಿಕ್ವಿಕ್ ಬೇಗ ಹಿಡಿಯುತ್ತದೆ ನಿಜ, ಆದರೆ ಅದರ ಆವಿ ಪಾರದರ್ಶಕ ಗಾಜಿನ ಭಾಗದ ಮೇಲೆ ಬಿಳಿ ಪೊರೆ ಕಟ್ಟಿಸುತ್ತದೆ, ಪೆಟ್ಟು ಬಿದ್ದರೆ ಅಂಟೂ ಬಿಟ್ಟುಹೋಗುತ್ತದೆ. ಸಂಗ್ರಹಯೋಗ್ಯವಾದ ಅಪರೂಪದ ಕಾರಾದರೆ ಅಂಟು, ಕೊರೆತ ಎರಡೂ ಬೇಡ, ಟೇಪಿನಲ್ಲಿಯೇ ಇರಲಿ.

ಈ ಬಿಲ್ಲೆಗಳನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಲೇಬೇಕು. ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನ ಗೋಡೆಗಳ ಮೂಲಕ ಪರಸ್ಪರ ಸೆಳೆದು ಕರುಳಿಗೆ ತೂತು ಮಾಡಬಲ್ಲವು. ನುಂಗಿದ ಸಂಶಯ ಬಂದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪೇಸ್‌ಮೇಕರ್ ಇರುವವರು ಇವುಗಳನ್ನು ಎದೆಯ ಹತ್ತಿರ ತರಬಾರದು.

ಬಿಲ್ಲೆಯ ನಿಕ್ಕಲ್ ಲೇಪ ಎಲ್ಲಾದರೂ ಎದ್ದರೆ ನಮ್ಮ ತೇವದ ಹವೆಗೆ ಒಳಗಿನ ಲೋಹ ಪುಡಿಯಾಗುತ್ತದೆ, ಅಂಥದ್ದನ್ನು ಬದಲಿಸಿ. ಮೆತ್ತಿಕೊಂಡ ಕಬ್ಬಿಣದ ಪುಡಿಯನ್ನು ಸೆಲ್ಲೊಟೇಪ್ ಒತ್ತಿ ತೆಗೆಯಿರಿ. ಟಯರು ಸವೆದಂತೆ ಕಾರು ತಗ್ಗಿ ಅಯಸ್ಕಾಂತ ಹಳಿಗೆ ಹತ್ತಿರವಾಗುವುದರಿಂದ, ಕಾರ್ಡಿನ ಪಟ್ಟಿಯನ್ನು ಸೆಟ್ಟಿನ ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಆಗಾಗ ಅಂತರ ನೋಡುತ್ತಿರಿ.