ಹಳೆಯ ಕಾರಿನ ಸಸ್ಪೆನ್ಷನ್ ಮೌಂಟ್: ಕತ್ತರಿಸುವ ಮೊದಲು ಅಳೆಯಿರಿ

ಚಾಸಿಯಲ್ಲಿ (ಕಾರಿನ ಲೋಹದ ಚೌಕಟ್ಟಿನಲ್ಲಿ) ತುಕ್ಕು ತಿಂದ ಮೌಂಟನ್ನು, ಅಂದರೆ ಸಸ್ಪೆನ್ಷನ್ ಭಾಗಗಳನ್ನು ಬೋಲ್ಟ್ ಹಾಕಿ ಕೂರಿಸುವ ಲೋಹದ ತುಂಡನ್ನು, ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುವ ಮುನ್ನ, ಗಾಡಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ಸಮತಟ್ಟಾಗಿ ನಿಲ್ಲಿಸಿ, ಎರಡೂ ಬದಿಯ ಬೋಲ್ಟ್ ರಂಧ್ರಗಳ ನಡುವಿನ ಕರ್ಣಗಳನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಕೆಲವೇ ಮಿಲಿಮೀಟರ್ ಸರಿದರೂ ಚಕ್ರಗಳ ಅಲೈನ್‌ಮೆಂಟ್ ಕೆಡುತ್ತದೆ. ಬ್ಯಾಟರಿ ಸಂಪರ್ಕ ತೆಗೆದು, ಇಂಧನದ ಟ್ಯಾಂಕ್ ಮತ್ತು ಪೈಪುಗಳನ್ನು ಕಳಚಿ ದೂರವಿಡಿ. ಹೊಳೆಯುವ ಲೋಹ ಕಾಣುವವರೆಗೆ ತುಕ್ಕನ್ನು ಉಜ್ಜಿ ತೆಗೆಯಿರಿ, ಆದರೆ ಕ್ಲೋರಿನ್ ಅಂಶವಿರುವ ಬ್ರೇಕ್ ಕ್ಲೀನರ್‌ನಿಂದ ಎಂದಿಗೂ ಒರೆಸಬೇಡಿ: ವೆಲ್ಡಿಂಗ್ ಶಾಖದಲ್ಲಿ ಅದರಿಂದ ಫಾಸ್ಜೀನ್ ಎಂಬ ಮಾರಕ ವಿಷಾನಿಲ ಹುಟ್ಟಬಲ್ಲದು. ದಯವಿಟ್ಟು ಇದನ್ನು ಹಗುರವಾಗಿ ಕಾಣಬೇಡಿ.

ಹೊಸ ಮೌಂಟನ್ನು ಮೊದಲು ಟ್ಯಾಕ್ ಮಾಡಿ (ಚಿಕ್ಕ ಚುಕ್ಕೆ ವೆಲ್ಡ್‌ಗಳಿಂದ ತಾತ್ಕಾಲಿಕವಾಗಿ ಹಿಡಿಸಿ), ಚಕ್ರವನ್ನು ಚಾಸಿಗೆ ಜೋಡಿಸುವ ಸಸ್ಪೆನ್ಷನ್ ಆರ್ಮ್ ಕೂರಿಸಿ, ಅಳತೆ ತಾಳೆಯಾದ ಮೇಲೆ ಆರ್ಮನ್ನು ಕಳಚಿ, 2–3 ಸೆಂಟಿಮೀಟರಿನಷ್ಟು ತುಂಡು ತುಂಡಾಗಿ, ಬದಿ ಬದಲಿಸುತ್ತಾ ಪೂರ್ಣ ವೆಲ್ಡ್ ಮಾಡಿದರೆ ಚಾಸಿ ಸೊಟ್ಟಗಾಗುವ ಸಾಧ್ಯತೆ ಬಹಳ ತಗ್ಗುತ್ತದೆ. ತಣಿದ ಬಳಿಕ ಚಾಸಿಯ ಟೊಳ್ಳಿನೊಳಗೂ ತುಕ್ಕುನಿರೋಧಕ ಮೇಣ ಸಿಂಪಡಿಸಿ.