ಹಳೆಯ ನಾಟಕದಿಂದ ಚಿತ್ರಕಥೆಗೆ: ನಾನು ಕೆಲಸ ಮಾಡುವ ಕ್ರಮ

ನಾಟಕವನ್ನು ಸಿನಿಮಾ ಮಾಡುವುದೆಂದರೆ ಮಾತು ಕಡಿಮೆ ಮಾಡಿ ಹೊರಾಂಗಣ ಸೇರಿಸುವುದು ಎಂಬ ನಂಬಿಕೆ ಇದೆ. ನಾನು ಮೊದಲು ಮಾಡುವುದು ಬೇರೆ: ಒಂದೊಂದು ಮಾತೂ ರಂಗದ ಮೇಲೆ ಯಾವ ಕೆಲಸ ಮಾಡುತ್ತಿತ್ತು ಎಂದು ನೋಡುವುದು. ಹಿಂದಿನ ಸಾಲಿನಲ್ಲಿ ಕೂತವರಿಗೆ ನಟನ ಕಣ್ಣು ಕಾಣುವುದಿಲ್ಲ. ಸಂಜೆಯಾಯಿತು, ಕಾಡು ಬಂತು ಎಂಬುದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು. ಅಂಥ ಮಾತುಗಳ ಕೆಲಸವನ್ನು ಕ್ಯಾಮೆರಾ ಮಾಡಿಬಿಡುತ್ತದೆ. ಇನ್ನು ಕೆಲವು ಮಾತುಗಳಿವೆ, ಅವುಗಳ ಕೆಲಸವನ್ನು ಯಾವ ಲೆನ್ಸೂ ಮಾಡಲಾರದು. ಎರಡನ್ನೂ ಬೇರ್ಪಡಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಇಡೀ ನಾಟಕವನ್ನು ಗಟ್ಟಿಯಾಗಿ ಓದಿ, ಪ್ರತಿ ದೃಶ್ಯ ಎಷ್ಟು ನಿಮಿಷ ಹಿಡಿಯಿತೆಂದು ಅಂಚಿನಲ್ಲಿ ಬರೆಯುತ್ತೇನೆ. ಮನಸ್ಸಿನಲ್ಲೇ ಓದಿದರೆ ಲೆಕ್ಕ ತಪ್ಪುತ್ತದೆ. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಸುಮಾರು 4,000 ಸಾಲುಗಳ ನಾಟಕ. 1996ರಲ್ಲಿ ಕೆನೆತ್ ಬ್ರಾನಾ ಅದನ್ನು ಪೂರ್ತಿ ಚಿತ್ರಿಸಿದಾಗ ನಾಲ್ಕು ಗಂಟೆ ದಾಟಿತು. 1948ರಲ್ಲಿ ಲಾರೆನ್ಸ್ ಒಲಿವಿಯರ್ ಎರಡೂವರೆ ಗಂಟೆಯ ಆಸುಪಾಸಿಗೆ ತಂದರು. ಎಲ್ಲೆಡೆ ಸಾಲು ಸಾಲು ಕೊರೆದದ್ದಷ್ಟೇ ಅಲ್ಲ, ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್, ಫೋರ್ಟಿನ್‌ಬ್ರಾಸ್ ಈ ಮೂವರನ್ನೂ ಪೂರ್ತಿ ಕೈಬಿಟ್ಟರು. ಪಾತ್ರವನ್ನೇ ತೆಗೆದರೆ ಉಳಿದ ದೃಶ್ಯಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಆದರೆ ನೆರೆರಾಜ್ಯದ ರಾಜಕುಮಾರ ಫೋರ್ಟಿನ್‌ಬ್ರಾಸ್ ಹೋದರೆ ರಾಜ್ಯದ ಕಥೆ ಹೋಗಿ ಮನೆಯ ಕಥೆ ಉಳಿಯುತ್ತದೆ. ಆ ಬೆಲೆ ಒಪ್ಪಿಗೆಯೇ ಎಂದು ಮೊದಲೇ ತೀರ್ಮಾನಿಸಬೇಕು. ಎಲ್ಲ ಪಾತ್ರಗಳನ್ನೂ ಉಳಿಸಿಕೊಂಡು ಪ್ರತಿಯೊಬ್ಬರಿಂದ ಎರಡೆರಡು ಸಾಲು ಕಿತ್ತರೆ ಯಾರೂ ನಿಲ್ಲುವುದಿಲ್ಲ, ಎಲ್ಲರೂ ಅವಸರದಲ್ಲಿದ್ದಂತೆ ಕಾಣುತ್ತಾರೆ.

ಆಮೇಲೆ ಬಣ್ಣದ ಪೆನ್ಸಿಲು. ಸ್ಥಳ, ಕಾಲ, ಯಾರು ಬಂದರು ಎಂದು ತಿಳಿಸುವ ಮಾತಿಗೆ ನೀಲಿ. ಹಿಂದಿನ ಕಥೆ ಹೇಳುವುದಕ್ಕೆ ಹಳದಿ. ಎದುರಿನವನನ್ನು ಕದಲಿಸುವ ಮಾತಿಗೆ, ಅಂದರೆ ಬೆದರಿಕೆ, ಬೇಡಿಕೆ, ಸುಳ್ಳು, ಆಮಿಷ ಇವಕ್ಕೆ, ಕೆಂಪು. ಸ್ವಗತಕ್ಕೆ ಹಸಿರು. ಕೆಂಪೋ ಅಲ್ಲವೋ ಎಂಬ ಅನುಮಾನ ಬಂದರೆ ಆ ಸಾಲನ್ನು ಮುಚ್ಚಿ ಮುಂದಿನವನ ಉತ್ತರ ಓದುತ್ತೇನೆ. ಉತ್ತರ ಹಾಗೇ ನಿಂತರೆ ಅದು ಕೆಂಪಲ್ಲ. ನೀಲಿ ಬಹುಮಟ್ಟಿಗೆ ಪೂರ್ತಿ ಹೋಗುತ್ತದೆ. ಕೆಂಪನ್ನು ಮುಟ್ಟುವುದಿಲ್ಲ.

ಹಳದಿಯಲ್ಲೇ ಎಡವುವುದು ಹೆಚ್ಚು. ಹಿಂದಿನ ಕಥೆ ಕಂಡ ಕೂಡಲೇ ಫ್ಲ್ಯಾಶ್‌ಬ್ಯಾಕ್ ಬರೆಯುವ ಚಪಲ ಹುಟ್ಟುತ್ತದೆ. ಗ್ರೀಕರ ‘ಈಡಿಪಸ್’ ನಾಟಕದಲ್ಲಿ ಹಿಂದೆ ನಡೆದದ್ದು ಒಂದೊಂದೇ ಬಾಯಿಂದ ಹೊರಬೀಳುವುದೇ ಕಥೆ. ಮೂರು ದಾರಿ ಕೂಡುವಲ್ಲಿ ಈಡಿಪಸ್ ತನ್ನ ತಂದೆಯನ್ನು ಕೊಂದದ್ದನ್ನು ಮೊದಲೇ ತೋರಿಸಿದರೆ, ಕೊಂದವರು ಯಾರು ಎಂಬ ವಿಚಾರಣೆಗೆ ಅರ್ಥವಿಲ್ಲ. ನಾರ್ವೆಯ ನಾಟಕಕಾರ ಇಬ್ಸೆನ್ ನಾಟಕಗಳದ್ದೂ ಇದೇ ಪಾಡು. ಅಲ್ಲಿ ಹಳೆಯ ಸಂಗತಿ ಹೇಳುವುದೇ ಒಂದು ಏಟು. ಅಂಥ ಸಾಲಿಗೆ ಹಳದಿಯ ಮೇಲೆ ಕೆಂಪನ್ನೂ ಎಳೆಯುತ್ತೇನೆ. ಅದು ಮಾತಾಗಿಯೇ ಉಳಿಯುತ್ತದೆ, ಕ್ಯಾಮೆರಾ ಮಾತ್ರ ಕೇಳುವವನ ಮೇಲಿರುತ್ತದೆ. ದೀರ್ಘ ಮಾತು ಭಾರವಾಗುವುದು ಅದರ ಉದ್ದದಿಂದಲ್ಲ, ಅಷ್ಟು ಹೊತ್ತೂ ಮಾತಾಡುವವನನ್ನೇ ತೋರಿಸುವುದರಿಂದ. ಕೇಳುವವನ ಮನಸ್ಸು ತಿರುಗುವ ಪದ ಯಾವುದು ಎಂದು ಚಿತ್ರಕಥೆಯಲ್ಲೇ ಗುರುತು ಹಾಕಿಟ್ಟರೆ ಶೂಟಿಂಗಿನಲ್ಲಿ ಆ ಶಾಟ್ ತಪ್ಪಿಹೋಗುವುದಿಲ್ಲ.

ಪ್ರವೇಶ, ನಿರ್ಗಮನಗಳದ್ದು ಸುಲಭದ ಕೆಲಸ. ರಂಗದಲ್ಲಿ ಪಾತ್ರ ಬಾಗಿಲಿನಿಂದ ನಡುವಿಗೆ ಬರುವಷ್ಟು ಹೊತ್ತು ತುಂಬಲು ಕುಶಲ ಪ್ರಶ್ನೆಗಳಿರುತ್ತವೆ, ಹೊರಡುವಾಗ ಚಪ್ಪಾಳೆಗೆಂದೇ ಬರೆದ ಸಾಲಿರುತ್ತದೆ. ಎರಡನ್ನೂ ತೆಗೆದು ಮೊದಲ ಕೆಂಪು ಸಾಲಿಗೆ ದೃಶ್ಯ ತೆರೆದು ಕೊನೆಯ ಕೆಂಪು ಸಾಲಿಗೆ ಮುಗಿಸಿದರೆ ಸಾಕು. ಒಂದೇ ಎಚ್ಚರ: ಬಾಗಿಲು ತೆರೆಯುವುದೇ ಸುದ್ದಿಯಾದ ಕಡೆ, ಬರಬಾರದವನು ಬಂದ ಕಡೆ, ಪ್ರವೇಶವನ್ನು ಪೂರ್ತಿ ಉಳಿಸಬೇಕು.

ಸ್ವಗತಕ್ಕೆ ನಾಲ್ಕು ದಾರಿಗಳಿವೆ. ಹಿನ್ನೆಲೆ ದನಿ, ನೇರ ಕ್ಯಾಮೆರಾಗೆ ಮಾತು, ಯಾವುದಾದರೂ ಕೆಲಸ ಮಾಡುತ್ತಾ ತನ್ನಷ್ಟಕ್ಕೆ ಗೊಣಗುವುದು, ಮೌನವಾಗಿ ಕೇಳುವ ಇನ್ನೊಂದು ಪಾತ್ರಕ್ಕೆ ಹೇಳುವುದು. ಯಾವುದೆಂಬುದು ಆ ಪಾತ್ರಕ್ಕೂ ಪ್ರೇಕ್ಷಕರಿಗೂ ಇರುವ ಸಂಬಂಧವನ್ನು ನೋಡಿ ತೀರ್ಮಾನವಾಗಬೇಕು. ತನ್ನನ್ನೇ ಅನುಮಾನಿಸುವವನಿಗೆ ಹಿನ್ನೆಲೆ ದನಿ ಒಗ್ಗುತ್ತದೆ. ನಮ್ಮನ್ನು ತನ್ನ ಪಿತೂರಿಗೆ ಸೇರಿಸಿಕೊಳ್ಳುವ ಖಳನಿಗೆ ಕ್ಯಾಮೆರಾವೇ ಬೇಕು. 1995ರ ‘ರಿಚರ್ಡ್ III’ ಚಿತ್ರದಲ್ಲಿ ಇಯನ್ ಮೆಕೆಲನ್ ಆರಂಭದ ಸ್ವಗತವನ್ನು ಔತಣಕೂಟದ ಮೈಕಿನಲ್ಲಿ ಭಾಷಣವಾಗಿ ಶುರುಮಾಡಿ, ಉಳಿದದ್ದನ್ನು ಶೌಚಾಲಯದಲ್ಲಿ ಒಬ್ಬನೇ ಆಡಿ, ಕನ್ನಡಿಯಲ್ಲಿ ನಮ್ಮನ್ನು ಕಂಡವನಂತೆ ಇತ್ತ ತಿರುಗುತ್ತಾನೆ. ಸಭೆಗೆ ಆಡುವ ಮಾತು ಎಲ್ಲಿ ಮುಗಿಯಿತು, ಒಳಮಾತು ಎಲ್ಲಿ ಶುರುವಾಯಿತು ಎಂಬುದು ಒಂದು ಪದವನ್ನೂ ಸೇರಿಸದೆ ಗೊತ್ತಾಗುತ್ತದೆ. ಹಿನ್ನೆಲೆ ದನಿ ಬಳಸುವುದಾದರೆ ತಾಲೀಮಿನ ಹೊತ್ತಿಗೇ ಒರಟಾಗಿ ರೆಕಾರ್ಡ್ ಮಾಡಿ, ಶೂಟಿಂಗಿನಲ್ಲಿ ನಟನಿಗೆ ಕೇಳಿಸುವುದು ಒಳ್ಳೆಯದು. ಇಲ್ಲವಾದರೆ ಮುಖದ ಭಾವ ಒಂದು ಕಡೆ, ಮಾತು ಇನ್ನೊಂದು ಕಡೆ ಓಡಿ, ಎಡಿಟಿಂಗಿನಲ್ಲಿ ಕೂಡಿಸಲಾಗುವುದಿಲ್ಲ.

ಇನ್ನು ಹೊರಾಂಗಣದ ವಿಷಯ. ಒಂದೇ ಕೋಣೆಯ ನಾಟಕವನ್ನು ‘ತೆರೆಯಬೇಕು’ ಎಂದು ನಿರ್ಮಾಪಕರು ಮೊದಲ ದಿನವೇ ಹೇಳುತ್ತಾರೆ. ಆ ಕೋಣೆಯಿಂದ ಯಾರೂ ಎದ್ದು ಹೋಗುವಂತಿಲ್ಲ ಎಂಬುದೇ ಕಥೆಯ ಒತ್ತಡವಾಗಿದ್ದರೆ, ಬೀದಿಯ ಒಂದು ಶಾಟ್ ಸಾಕು ಆ ಒತ್ತಡ ಸೋರಿಹೋಗಲು. ಸಿಡ್ನಿ ಲ್ಯೂಮೆಟ್ 1957ರಲ್ಲಿ ‘12 ಆಂಗ್ರಿ ಮೆನ್’ ಮಾಡಿದಾಗ ಹೆಚ್ಚುಕಡಿಮೆ ಇಡೀ ಚಿತ್ರವನ್ನು, ಹನ್ನೆರಡು ಜನ ಸೇರಿ ತೀರ್ಪು ಚರ್ಚಿಸುವ ಜ್ಯೂರಿ ಕೋಣೆಯಲ್ಲೇ ಉಳಿಸಿದರು. ಬದಲಿಸಿದ್ದು ಲೆನ್ಸು ಮತ್ತು ಎತ್ತರ. ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ, ನಡುವೆ ಕಣ್ಣಿನ ಮಟ್ಟದಲ್ಲಿ, ಕೊನೆಗೆ ಕೆಳಗೆ. ಲೆನ್ಸುಗಳ ನಾಭಿದೂರ, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಶಕ್ತಿ, ಹೆಚ್ಚುತ್ತಾ ಹೋದಂತೆ ಹಿಂದಿನ ಗೋಡೆ ಮುಖಗಳ ಹತ್ತಿರ ಸರಿದಂತೆ ಕಾಣುತ್ತದೆ, ಕೆಳಗಿನಿಂದ ನೋಡಿದಾಗ ಚಾವಣಿಯೂ ಕಣ್ಣಿಗೆ ಬೀಳುತ್ತದೆ. ಕೋಣೆ ಕುಗ್ಗುತ್ತದೆ. ಹಾಗಾಗಿ ಹೊರಾಂಗಣ ಬರೆಯುವ ಮೊದಲು ನಾನು ಆ ಕೋಣೆಯ ನಕ್ಷೆ ಬರೆಯುತ್ತೇನೆ: ಬಾಗಿಲೆಲ್ಲಿ, ಕಿಟಕಿಯೆಲ್ಲಿ, ಯಾವ ಅಂಕದಲ್ಲಿ ಯಾವ ಮೂಲೆ ಇನ್ನೂ ತೋರಿಸಿಲ್ಲ. ಎರಡನೇ ಅಂಕಕ್ಕೆಂದು ಒಂದು ಗೋಡೆಯನ್ನಾದರೂ ಉಳಿಸಿಟ್ಟುಕೊಳ್ಳುವುದು ಲಾಭದ ಕೆಲಸ.

ರಂಗದಾಚೆ ನಡೆಯುವ ಘಟನೆಗಳನ್ನು ತೋರಿಸಬೇಕೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ‘ಮ್ಯಾಕ್‌ಬೆತ್’ ನಾಟಕದಲ್ಲಿ ಮ್ಯಾಕ್‌ಬೆತ್ ರಾಜ ಡಂಕನ್‌ನನ್ನು ಕೊಲ್ಲುವುದು ಕಾಣುವುದಿಲ್ಲ. ನಿರ್ದೇಶಕ ಪೊಲಾನ್ಸ್ಕಿ 1971ರ ಚಿತ್ರದಲ್ಲಿ ತೋರಿಸಿದರು. ತೋರಿಸಿದರೆ ಕೃತ್ಯದ ಭೀಕರತೆ ಸಿಗುತ್ತದೆ, ಆದರೆ ಕೊಲೆಯ ನಂತರ ಗಂಡಹೆಂಡಿರ ಪಿಸುಮಾತಿನಲ್ಲಿರುವ ಕತ್ತಲೆ ಸ್ವಲ್ಪ ತಿಳಿಯಾಗುತ್ತದೆ. ನನ್ನ ಒಲವು ತೋರಿಸದಿರುವ ಕಡೆಗೆ.

ಕಾಲ ಬದಲಿಸುವುದಾದರೆ ವೇಷಭೂಷಣಕ್ಕಿಂತ ಮೊದಲು ಕಥೆಯನ್ನು ಹಿಡಿದಿಟ್ಟಿರುವ ಕಾನೂನು, ನಂಬಿಕೆ, ದೂರ ಇವುಗಳ ಪಟ್ಟಿ ಮಾಡಬೇಕು. 1879ರ ‘ಎ ಡಾಲ್ಸ್ ಹೌಸ್’ನಲ್ಲಿ ನೋರಾ ತಂದೆಯ ಸಹಿ ನಕಲು ಮಾಡಿ ಸಾಲ ತರುತ್ತಾಳೆ, ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಸಾಲ ತರುವಂತಿರಲಿಲ್ಲ. ಇಂದಿನ ನೋರಾ ತನ್ನ ಹೆಸರಲ್ಲೇ ಸಾಲ ಪಡೆಯಬಲ್ಲಳಾದರೆ ಆ ಸಹಿಗೆ ಕಾರಣವೇ ಇಲ್ಲ. ಅಷ್ಟೇ ಬಿಗಿಯಾದ ಇನ್ನೊಂದು ಅಡ್ಡಿ ಸಿಗದಿದ್ದರೆ ಹಳೆಯ ಕಾಲದಲ್ಲೇ ಬಿಡುವುದು ಮೇಲು. ಫೋನು ಇನ್ನೊಂದು ತಲೆನೋವು. ತಲುಪದ ಪತ್ರದ ಮೇಲೆ ನಿಂತ ‘ರೋಮಿಯೋ ಅಂಡ್ ಜೂಲಿಯೆಟ್’ ಥರದ ಕಥೆಗಳನ್ನು ಅದು ಒಂದೇ ಕರೆಯಲ್ಲಿ ಮುಗಿಸಿಬಿಡುತ್ತದೆ. ನೆಟ್‌ವರ್ಕ್ ಇಲ್ಲ, ಚಾರ್ಜ್ ಮುಗಿಯಿತು ಎಂಬ ನೆಪಗಳನ್ನು ಪ್ರೇಕ್ಷಕರು ಕ್ಷಮಿಸುವುದಿಲ್ಲ. ಕರೆ ಮಾಡಬಹುದಾದರೂ ಮಾಡದಿರಲು ಪಾತ್ರಕ್ಕೆ ಕಾರಣ ಬೇಕು: ಫೋನನ್ನು ಬೇರೆಯವರು ನೋಡುತ್ತಾರೆ, ಅಥವಾ ಆ ಕಡೆಯವರು ಎತ್ತಲಾರರು.

ನಂಬಿಕೆಗೆ ಬದಲಿ ಹುಡುಕುವುದಕ್ಕೆ ನಾನು ಮತ್ತೆ ಮತ್ತೆ ನೋಡುವುದು ವಿಶಾಲ್ ಭಾರದ್ವಾಜ್ ಅವರ ‘ಮಕ್ಬೂಲ್’ (2003). ‘ಮ್ಯಾಕ್‌ಬೆತ್’ನ ಮಾಟಗಾತಿಯರು ಅಲ್ಲಿ ಕುಂಡಲಿ ಬರೆಯುವ ಇಬ್ಬರು ಪೊಲೀಸರು. ಭವಿಷ್ಯ ಹೇಳುವವರೇ ಅದನ್ನು ಆಗಿಸುವ ಅಧಿಕಾರವನ್ನೂ ಹೊಂದಿರುವುದರಿಂದ ಹೊಸ ಕಾಲದಲ್ಲೂ ಆ ಮಾತು ಹೆದರಿಸುತ್ತದೆ.

ಭಾಷೆಯಲ್ಲಿ ಒಂದೇ ನಿಯಮ: ಮಟ್ಟ ಬೆರೆಸಬಾರದು. ‘ಹೋಗುತ್ತೇನೆ’ ಎನ್ನುವ ರಾಜ ಮುಂದಿನ ದೃಶ್ಯದಲ್ಲಿ ‘ಹೋಗ್ತೀನಿ’ ಎಂದರೆ ನಗು ಬರುತ್ತದೆ. ಹಾಸ್ಯ ನಾಟಕಗಳಲ್ಲಿ ಇನ್ನೊಂದು ತೊಡಕಿದೆ. ರಂಗದ ನಟ ನಗು ತಗ್ಗುವವರೆಗೆ ಕಾಯುತ್ತಾನೆ, ಸಿನಿಮಾ ಕಾಯುವುದಿಲ್ಲ. ದೊಡ್ಡ ನಗೆಯ ನಂತರದ ಸಾಲಿನಲ್ಲಿ ಕಥೆಗೆ ಬೇಕಾದ ಸಂಗತಿ ಇಟ್ಟರೆ ಅದು ಯಾರಿಗೂ ಕೇಳಿಸದು. ಅಲ್ಲಿ ಮಾತಿಲ್ಲದ ಒಂದು ಕ್ರಿಯೆ ಬರೆಯುತ್ತೇನೆ.

ಇಷ್ಟೆಲ್ಲಕ್ಕೂ ಮೊದಲು ಹಕ್ಕಿನ ಕಾಗದ ನೋಡಿಕೊಳ್ಳಬೇಕು. ಇಬ್ಸೆನ್ ತೀರಿಕೊಂಡದ್ದು 1906ರಲ್ಲಿ, ರಷ್ಯದ ನಾಟಕಕಾರ ಚೆಕಾಫ್ 1904ರಲ್ಲಿ, ಮೂಲಗಳು ಮುಕ್ತವಾಗಿವೆ. ಆದರೆ ನಿಮ್ಮ ಕೈಯಲ್ಲಿರುವ ಅನುವಾದ ಮುಕ್ತವಾಗಿರಬೇಕೆಂದಿಲ್ಲ. ಅನುವಾದಕರ ಹಕ್ಕು ಬೇರೆಯೇ. ಭಾರತದಲ್ಲಿ ಅದು ಅವರ ಮರಣದ ನಂತರ 60 ವರ್ಷ ಉಳಿಯುತ್ತದೆ. ರಂಗಪ್ರಯೋಗಕ್ಕೆ ಸಿಕ್ಕ ಅನುಮತಿ ಚಿತ್ರಕ್ಕೆ ಅನ್ವಯಿಸುವುದಿಲ್ಲ. ಪತ್ರದಲ್ಲಿ ‘ಚಲನಚಿತ್ರ ರೂಪಾಂತರ’ ಎಂದು ಸ್ಪಷ್ಟವಾಗಿ ಬರೆಸಿ, ಓಟಿಟಿ ಮತ್ತು ಡಬ್ಬಿಂಗ್ ಹಕ್ಕುಗಳನ್ನೂ ಅದರಲ್ಲೇ ಸೇರಿಸಬೇಕು.