ಕನ್ನಡದ ಪಕ್ಕದಲ್ಲಿಟ್ಟು ಕಲಿತ ಮಲಯಾಳಂ ಮತ್ತು ರಷ್ಯನ್

ಕೆಲಸದ ವರ್ಗಾವಣೆಯಿಂದ ತಿರುವನಂತಪುರಕ್ಕೆ ಹೋಗಿ ನೆಲೆಸಿದ ಮೇಲೆ ನಾನು ಮಲಯಾಳಂ ಕಲಿತೆ. ಎರಡು ವರ್ಷ ಕಳೆದ ಮೇಲೆ ಅಲ್ಲಿಯೇ ರಷ್ಯನ್ ಸಾಂಸ್ಕೃತಿಕ ಕೇಂದ್ರದ ಸಂಜೆ ತರಗತಿಗೆ ಸೇರಿದೆ. ತರಗತಿಯಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ಮಲಯಾಳಿಗಳು. ಒಂದೇ ಪಾಠದಲ್ಲಿ ಅವರು ತಪ್ಪುತ್ತಿದ್ದ ಕಡೆ ನಾನು ತಪ್ಪುತ್ತಿರಲಿಲ್ಲ, ನಾನು ತಡವರಿಸುತ್ತಿದ್ದ ಕಡೆ ಅವರಿಗೆ ತೊಡಕೇ ಇರಲಿಲ್ಲ. ಇದು ಏಕೆಂದು ತಿಳಿಯುವ ಆಸೆಯಿಂದಲೇ ಎರಡು ಭಾಷೆಗಳನ್ನು ಹೋಲಿಸಲು ಆರಂಭಿಸಿದೆ.

ಮೊದಲು ಮಾಡಿದ್ದು ಪದಪಟ್ಟಿ, ಅದರಿಂದ ಹೆಚ್ಚು ಉಪಯೋಗವಾಗಲಿಲ್ಲ. ಮಲಯಾಳಂ ಪದಗಳು ನಮ್ಮ ಮನೆಯವೇ: ಹಾಲು ಅಲ್ಲಿ ಪಾಲ್, ಹುಲಿ ಪುಲಿ, ಕಿವಿ ಚೆವಿ, ಬಾಳೆ ವಾೞ. ನಾವು ಹಳಗನ್ನಡದಲ್ಲೇ ಬಿಟ್ಟುಬಂದ ೞ ಅಕ್ಷರ ಅಲ್ಲಿ ಇಂದಿಗೂ ಬಸ್ಸಿನ ಫಲಕದ ಮೇಲೆ, ಮಕ್ಕಳ ಬಾಯಲ್ಲಿ ಜೀವಂತವಾಗಿದೆ. ರಷ್ಯನ್ನಿನಲ್ಲಿಯೂ ಸಂಸ್ಕೃತ ಬಲ್ಲವರಿಗೆ ಪರಿಚಿತ ಮುಖಗಳು ಕಾಣುತ್ತವೆ: ಬ್ರಾತ್ ಎಂದರೆ ಭ್ರಾತೃ, ದ್ವೇರ್ ಎಂದರೆ ದ್ವಾರ, ವ್ದವಾ ಎಂದರೆ ವಿಧವೆ. ಆದರೆ ಮಲಯಾಳಂ ಸಂಸ್ಕೃತ ಪದಗಳನ್ನು ಎರವಲು ಪಡೆದ ದ್ರಾವಿಡ ಭಾಷೆ, ರಷ್ಯನ್ ಸಂಸ್ಕೃತದೊಡನೆ ಒಂದೇ ಮೂಲದಿಂದ ಕವಲೊಡೆದ ಭಾಷೆ. ಈ ಪದಗಳನ್ನು ಎಷ್ಟು ಗುರುತಿಸಿದರೂ ಒಂದು ವಾಕ್ಯ ಕಟ್ಟಲು ಬರುವುದಿಲ್ಲ. ಆದ್ದರಿಂದ ಪದಪಟ್ಟಿಯನ್ನು ಬಿಟ್ಟು, ಒಂದೇ ವಾಕ್ಯವನ್ನು ಕನ್ನಡ, ಮಲಯಾಳಂ, ರಷ್ಯನ್ ಎಂಬ ಮೂರು ಕಾಲಮ್ಮುಗಳಲ್ಲಿ ಬರೆಯುವ ನೋಟ್‌ಬುಕ್ಕನ್ನು ಇಟ್ಟುಕೊಂಡೆ.

ಆ ನೋಟ್‌ಬುಕ್ಕಿನ ಹೆಚ್ಚಿನ ಪುಟಗಳು ಕ್ರಿಯಾಪದಕ್ಕೆ ಮೀಸಲಾದವು. ಕನ್ನಡದಲ್ಲಿ ಬಂದೆನು, ಬಂದನು, ಬಂದಳು, ಬಂದರು ಎಂದು ಕರ್ತೃವಿಗೆ ತಕ್ಕಂತೆ ಪ್ರತ್ಯಯ ಬದಲಾಗುತ್ತದೆ. ಮಲಯಾಳದಲ್ಲಿ ಞಾನ್ ವನ್ನು, ಅವನ್ ವನ್ನು, ಅವಳ್ ವನ್ನು, ಅವರ್ ವನ್ನು. ಎಲ್ಲಕ್ಕೂ ಒಂದೇ ರೂಪ. ಹಳೆಯ ಮಲಯಾಳಂ ಕಾವ್ಯದಲ್ಲಿದ್ದ ಪುರುಷಪ್ರತ್ಯಯಗಳು ಆಮೇಲೆ ಬಿದ್ದುಹೋದವು. ಕೇರಳಪಾಣಿನೀಯ ಎಂಬ ಮಲಯಾಳಂ ವ್ಯಾಕರಣವನ್ನು ಬರೆದ ಎ. ಆರ್. ರಾಜರಾಜವರ್ಮ ಅವರು ಇದನ್ನು 'ಪುರುಷಭೇದನಿರಾಸ' ಎಂದು ಕರೆದು, ಮಲಯಾಳವನ್ನು ತಮಿಳಿನಿಂದ ಬೇರ್ಪಡಿಸುವ ಆರು ಲಕ್ಷಣಗಳಲ್ಲಿ ಒಂದಾಗಿ ಎಣಿಸಿದರು.

ರಷ್ಯನ್ ವರ್ತಮಾನಕಾಲ ನಮ್ಮ ಕಡೆಗಿದೆ. ಓದುತ್ತೇನೆ ಎಂಬುದಕ್ಕೆ ಚಿತಾಯು, ಓದುತ್ತಾನೆ ಎಂಬುದಕ್ಕೆ ಚಿತಾಯೆತ್, ಓದುತ್ತಾರೆ ಎಂಬುದಕ್ಕೆ ಚಿತಾಯುತ್. ಎಲ್ಲ ಪುರುಷಗಳಿಗೂ 'ವಾಯಿಕ್ಕುನ್ನು' ಎಂದೇ ಹೇಳಿ ಬೆಳೆದ ಸಹಪಾಠಿಗಳಿಗೆ ಈ ಪ್ರತ್ಯಯಗಳು ತಿಂಗಳುಗಟ್ಟಲೆ ಕಾಟ ಕೊಟ್ಟವು. ನನಗೆ ಒಂದು ವಾರ ಸಾಕಾಯಿತು. ಭೂತಕಾಲ ಬಂದಾಗ ಸರದಿ ನನ್ನದಾಯಿತು. ಅಲ್ಲಿ ಪುರುಷಭೇದವಿಲ್ಲ, ಲಿಂಗ ಮತ್ತು ವಚನಗಳ ಭೇದ ಮಾತ್ರ ಇದೆ. ನಾನು, ನೀನು, ಅವನು ಮೂವರಿಗೂ ಪ್ರಿಶೋಲ್. ಆದರೆ ಹೇಳುವವಳು ಹೆಂಗಸಾದರೆ 'ನಾನು ಬಂದೆ' ಎನ್ನುವುದಕ್ಕೂ ಪ್ರಿಶ್ಲಾ ಎನ್ನಬೇಕು. ಕಲಿಸುತ್ತಿದ್ದವರು ಗಂಡಸಾದ್ದರಿಂದ ಅವರ ಬಾಯಿಂದ ಕೇಳಿದ 'ಯಾ ಪ್ರಿಶೋಲ್' ಎಂಬುದನ್ನೇ ನಾನೂ ಕೆಲವು ವಾರ ಹೇಳುತ್ತಿದ್ದೆ. ಈ ಭೂತಕಾಲದ ರೂಪ ಮೂಲದಲ್ಲಿ ಕೃದಂತವಾಗಿತ್ತು ಎಂದು ತಿಳಿದ ದಿನ ಗೊಂದಲ ಕರಗಿತು. 'ನಾನು ಬಂದವಳು', 'ಅವನು ಬಂದವನು', 'ಅವರು ಬಂದವರು' ಎಂದು ಕನ್ನಡದಲ್ಲಿ ಒಮ್ಮೆ ಹೇಳಿಕೊಂಡರೆ ರಷ್ಯನ್ ನಿಯಮ ತಾನಾಗಿಯೇ ಹೊರಬರುತ್ತದೆ. ಕನ್ನಡಿಗರಿಗೆ ನಾನು ಮೊದಲು ಹೇಳಿಕೊಡುವ ಉಪಾಯ ಇದು.

ಇನ್ನೊಂದು ನೆಂಟಸ್ತಿಕೆ ಚತುರ್ಥಿ ವಿಭಕ್ತಿಯದು, ಇದು ನನಗೆ ಈಗಲೂ ಬಹಳ ಪ್ರಿಯವಾದ ಸಂಗತಿ. 'ನನಗೆ ಮೂವತ್ತು ವರ್ಷ' ಎಂಬುದು ರಷ್ಯನ್ನಿನಲ್ಲಿ 'ಮ್ನೆ ತ್ರೀದ್ಸತ್ ಲ್ಯೆತ್', ಪದಕ್ಕೆ ಪದ ಹೊಂದುತ್ತದೆ. ಚಳಿಯಾದರೂ ಇಷ್ಟವಾದರೂ ಮೂರು ಭಾಷೆಗಳಲ್ಲೂ ಅನುಭವಿಸುವವರು ಚತುರ್ಥಿಯಲ್ಲೇ ನಿಲ್ಲುತ್ತಾರೆ: ನನಗೆ, ಎನಿಕ್ಕ್, ಮ್ನೆ. 'ಉ ಮೆನ್ಯಾ ಯೆಸ್ತ್ ಕ್ನೀಗಾ' ಎಂದರೆ 'ನನ್ನ ಬಳಿ ಇದೆ ಪುಸ್ತಕ'. ಮಲಯಾಳಿಗಳು ಅದನ್ನೇ 'ನನ್ನ ಕೈಯಲ್ಲಿ ಪುಸ್ತಕ ಉಂಟು' ಎನ್ನುತ್ತಾರೆ. ಕೆಲವೊಮ್ಮೆ ಕನ್ನಡ ಮತ್ತು ರಷ್ಯನ್ ಜೊತೆಯಾಗಿ ಮಲಯಾಳಂ ದೂರ ನಿಲ್ಲುವುದೂ ಉಂಟು. 'ನಾನು ವೈದ್ಯೆ', 'ಯಾ ವ್ರಾಚ್' ಎಂಬೆರಡರಲ್ಲೂ ಕ್ರಿಯಾಪದವಿಲ್ಲ, ಮಲಯಾಳಂ ಮಾತ್ರ 'ಆಣ್' ಎಂಬುದನ್ನು ಕೊನೆಗೆ ಸೇರಿಸುತ್ತದೆ.

ಕರ್ಮಪದದ ವಿಷಯದಲ್ಲಿ ಮಲಯಾಳಿಗಳು ನನಗಿಂತ ಬೇಗ ಮುಂದೆ ಹೋದರು. ಮಲಯಾಳದಲ್ಲಿ ಮೇಜನ್ನು ಕಂಡರೆ 'ಮೇಶ ಕಂಡು', ಅಣ್ಣನನ್ನು ಕಂಡರೆ 'ಚೇಟ್ಟನೆ ಕಂಡು'. ಜೀವವಿದ್ದರೆ ಪ್ರತ್ಯಯ, ಇಲ್ಲದಿದ್ದರೆ ಸಾಮಾನ್ಯವಾಗಿ ಬರಿಯ ಪದ. ರಷ್ಯನ್ ಪುಲ್ಲಿಂಗದ ಏಕವಚನದಲ್ಲಿಯೂ ಇದೇ ಭೇದ: ಮೇಜಾದರೆ ಸ್ತೋಲ್ ಹಾಗೆಯೇ ಉಳಿಯುತ್ತದೆ, ಅಣ್ಣನಾದರೆ ಬ್ರಾತ್ ಎಂಬುದು ಬ್ರಾತಾ ಆಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ರಷ್ಯನ್ ಕ್ರಿಯೆಯ ಪೂರ್ಣ ಮತ್ತು ಅಪೂರ್ಣ ರೂಪಗಳು. ಚಿತಾಲಾ ಎಂದರೆ ಓದಿದೆ ಅಥವಾ ಓದುತ್ತಿದ್ದೆ, ಪ್ರಚಿತಾಲಾ ಎಂದರೆ ಓದಿ ಮುಗಿಸಿದೆ. ಕನ್ನಡದಲ್ಲಿ 'ಮುಗಿಸು', 'ಬಿಡು', ಮಲಯಾಳದಲ್ಲಿ 'ತೀರ್ಕ್ಕುಗ' ಎಂಬ ಸಹಾಯಕ ಕ್ರಿಯಾಪದಗಳು ಇದೇ ಕೆಲಸ ಮಾಡುತ್ತವೆ, ಆದರೆ ಅವು ಬೇಕಾದಾಗ ಮಾತ್ರ ಬರುತ್ತವೆ. ರಷ್ಯನ್ನಿನಲ್ಲಿ ಬಹುತೇಕ ಪ್ರತಿ ಕ್ರಿಯಾಪದಕ್ಕೂ ಎರಡರಲ್ಲಿ ಒಂದನ್ನು ಆರಿಸಲೇಬೇಕು. 'ನೆ ಚಿತಾಲಾ' ಎಂದರೆ ಓದಲೇ ಇಲ್ಲ, 'ನೆ ಪ್ರಚಿತಾಲಾ' ಎಂದರೆ ಹಿಡಿದಿದ್ದು ಮುಗಿಯಲಿಲ್ಲ. ಈ ಆಯ್ಕೆ ಅಭ್ಯಾಸವಾಗಲು ಪ್ರತಿದಿನ ರಾತ್ರಿ ಆ ದಿನ ಮಾಡಿದ ಐದು ಕೆಲಸಗಳನ್ನು ಬರೆದು, ಮುಗಿದವು ಯಾವುವು, ಅರ್ಧಕ್ಕೆ ನಿಂತವು ಯಾವುವು ಎಂದು ಕ್ರಿಯಾಪದದಲ್ಲೇ ತೋರಿಸುತ್ತಿದ್ದೆ.

ಮಲಯಾಳವನ್ನು ಸುಲಭವೆಂದು ಕಡೆಗಣಿಸಬಾರದು ಎಂಬುದನ್ನು ಒಂದು ಪದ ನನಗೆ ಕಲಿಸಿತು. ಕನ್ನಡದ 'ನಾವು' ಅಲ್ಲಿ ಎರಡು: ಕೇಳುಗರನ್ನು ಸೇರಿಸಿಕೊಂಡರೆ ನಮ್ಮಳ್, ಬಿಟ್ಟರೆ ಞಙ್ಙಳ್. ಮನೆಯವರೊಂದಿಗೆ ಹಬ್ಬಕ್ಕೆ ಊರಿಗೆ ಹೊರಡುವ ಹಿಂದಿನ ದಿನ ಸಹಪಾಠಿಯೊಬ್ಬಳಿಗೆ 'ನಮ್ಮಳ್ ನಾಳೆ ನಾಟ್ಟಿಲೇಕ್ಕ್ ಪೋಕುನ್ನು' ಎಂದೆ. ಅವಳು ಕಣ್ಣರಳಿಸಿ 'ಞಾನುಮೋ?', ಅಂದರೆ 'ನಾನೂನಾ?' ಎಂದು ಕೇಳಿದಳು. ಆ ಹಬ್ಬಕ್ಕೆ ಅವಳು ನಿಜವಾಗಿಯೂ ನಮ್ಮೊಡನೆ ಪುತ್ತೂರಿಗೆ ಬಂದಳು, ದಾರಿಯುದ್ದಕ್ಕೂ ರೈಲಿನಲ್ಲಿ ನಾನು ಅವಳಿಗೆ ಚಿತಾಯು, ಚಿತಾಯೆತ್, ಚಿತಾಯುತ್ ಎಂದು ಒಪ್ಪಿಸಲು ಹೇಳುತ್ತಿದ್ದೆ.